ಬ್ಯಾಟರಿ ನನ್ನ ಕೈಯಲ್ಲಿತ್ತು

ಇದನ್ನು ನಂಬಿ ಎಂದು ನಾನು ಯಾರ ಕಾಲೂ ಹಿಡಿಯುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಕುಮಟೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಬೋಟುಗಳ ವಯರ್‌ಲೆಸ್ಸು, ಮೀನಿನ ಗುಂಪು ತೋರಿಸುವ ಫಿಶ್ ಫೈಂಡರು ಕೆಟ್ಟರೆ ಭಟ್ಕಳ, ಹೊನ್ನಾವರದಿಂದಲೂ ನನ್ನ ಮೇಜಿಗೇ ಬರುತ್ತವೆ. ಜೊತೆಗೆ ಕತೆಗಳೂ ಬರುತ್ತವೆ. ಪರದೆಯ ಮೇಲೆ ಮನುಷ್ಯನ ಆಕಾರ ಕಂಡಿತು ಎಂದು ಒಬ್ಬ ಹೇಳಿದರೆ, ಆಫ್ ಮಾಡಿದ ವಯರ್‌ಲೆಸ್ಸಿನಲ್ಲಿ ಸತ್ತವನ ದನಿ ಕೇಳಿತು ಎಂದು ಇನ್ನೊಬ್ಬ ಹೇಳುತ್ತಾನೆ. "ಬೋಟಿನ ಕೆಳಗೆ ಪಾಚಿ ಕಟ್ಕಂಡದೆ ಮಾರಾಯ, ಸಮಾ ಉಜ್ಜು" ಎಂದು ನಗಾಡಿ ಕಳಿಸುತ್ತಿದ್ದವನು ನಾನು. ಈಗ ನನ್ನ ಸರದಿ. ನಗುವವರು ನಗಬಹುದು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಧರ್ಮಾರ್ಥ ಆಸ್ಪತ್ರೆಯವರು ಕೈಯಲ್ಲಿ ಹಿಡಿಯಬಹುದಾದ ಎಕ್ಸ್‌ರೇ ಯಂತ್ರವೊಂದನ್ನು ತರಿಸಿದರು. ನೋಡಲು ದೊಡ್ಡ ಕ್ಯಾಮರಾದಂತಿತ್ತು. ಜನ ಒಂದು ಚಪ್ಪಟೆ ಫಲಕಕ್ಕೆ ಎದೆ ಒತ್ತಿ ನಿಲ್ಲಬೇಕು, ಹಿಂದಿನಿಂದ ಯಂತ್ರದ ಗುಂಡಿ ಒತ್ತಬೇಕು, ಚಿತ್ರ ಲ್ಯಾಪ್‌ಟಾಪಿಗೆ ಬರುತ್ತದೆ. ಶರಾವತಿ ಅಳಿವೆಯ ಕುದ್ರುಗಳಲ್ಲಿ, ಅಂದರೆ ಹೊಳೆಯ ನಡುಗಡ್ಡೆಗಳಲ್ಲಿ, ಕಡಲ ದಂಡೆಯ ಕೇರಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕುವುದು ಅವರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಆ ಯಂತ್ರ ಮಾಡಿದವರು ಉಪ್ಪುಗಾಳಿ ಕಂಡವರಲ್ಲ. ಎರಡು ತಿಂಗಳಲ್ಲಿ ಅದರ ಸಂದುಸಂದಿನಲ್ಲಿ ಹಸಿರು ಕಿಲುಬು ಹತ್ತಿತು. ದೋಣಿಯ ಮೋಟಾರಿನ ನಡುಕಕ್ಕೆ ಸ್ಕ್ರೂಗಳು ಸಡಿಲಾದವು. ಕಂಪನಿಯ ಇಂಜಿನಿಯರು ಬಂದವನು, ಇದನ್ನು ಎಸಿ ಕೋಣೆಯಲ್ಲಿ ಇಡಿ ಎಂದು ಹೇಳಿ ಹೋದ. ಎಸಿ ಕೋಣೆ ಇದ್ದಿದ್ದರೆ ಈ ಯಂತ್ರ ಯಾಕೆ ಬೇಕಿತ್ತು?

ಕೊನೆಗೆ ಡಾಕ್ಟರು ಅದನ್ನು ನನ್ನ ಅಂಗಡಿಗೆ ತಂದರು. ಹಳೆಯ ಫ್ರಿಜ್ಜಿನ ಬಾಗಿಲ ರಬ್ಬರು ಕತ್ತರಿಸಿ ಸಂದುಗಳಿಗೆ ಕೂರಿಸಿದೆ. ಬೋಟಿನ ಸಾಮಾನಿಗೆ ಹಾಕುವ, ನೀರು ಹೋಗದ ಪ್ಲಗ್ಗು ಹಾಕಿದೆ. ಫಲಕದ ಮರದ ಸ್ಟ್ಯಾಂಡಿಗೆ ದೋಣಿಗೆ ಬಳಿಯುವ ಗೇರೆಣ್ಣೆ ಬಳಿದೆ. ದೋಣಿಯಲ್ಲಿ ಸಾಗಿಸಲು ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಅದರ ಅಡಿಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಪೆಟ್ಟಿಗೆ ಎಷ್ಟು ತೊಳೆದರೂ ಬಂಗಡೆ ವಾಸನೆ ಹೋಗಲಿಲ್ಲ. ಕಂಪನಿಯವರು ಅನುಮತಿ ಇಲ್ಲದೆ ಮಾರ್ಪಾಡು ಮಾಡಿದ್ದೀರಿ ಎಂದು ಕಾಗದ ಬರೆದರು. ಬರೆಯಲಿ. ಯಂತ್ರ ಆ ಮಳೆಗಾಲ ಪೂರ್ತಿ ಒಮ್ಮೆಯೂ ಕೈಕೊಡಲಿಲ್ಲ.

ಅದು ನಡೆದದ್ದು ಹಾಡಹಗಲಿನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ. ಹೊನ್ನಾವರದ ಹತ್ತಿರ ಹೊಳೆದಂಡೆಯ ಒಂದು ಶಾಲೆಯ ಜಗಲಿಯಲ್ಲಿ ಶಿಬಿರ ಇತ್ತು. ಯಂತ್ರದ ದೇಖರೇಖಿಗೆ ನಾನೂ ಹೋಗಿದ್ದೆ. ಗುಂಡಿ ಒತ್ತುವ ತಂತ್ರಜ್ಞ ಊಟಕ್ಕೆ ಹೋಗಿದ್ದ. ಬಿಡುವು ಸಿಕ್ಕಿತೆಂದು ನಾನು ಯಂತ್ರದ ಬ್ಯಾಟರಿ ಹೊರಗೆ ತೆಗೆದು, ಗೋಡೆಗೆ ಮುಖ ಮಾಡಿ ಕುಳಿತು ಅದರ ತುದಿಗಳ ಕಿಲುಬು ಉಜ್ಜುತ್ತಿದ್ದೆ. ಖಾಲಿ ಯಂತ್ರ ಸ್ಟ್ಯಾಂಡಿನ ಮೇಲಿತ್ತು.

ಆಗ ಮೀನು ಮಾರುವ ನಾಗವೇಣಿ ಬಂದಳು. ಆಚೆ ಕುದ್ರುವಿನವಳು, ನಲವತ್ತರ ಆಸುಪಾಸು. ಆಶಾ ಕಾರ್ಯಕರ್ತೆ ಶೋಭಾ ಅವಳನ್ನು ದಾರಿಯಲ್ಲಿ ಹಿಡಿದು ಹೆಚ್ಚುಕಮ್ಮಿ ಎಳೆದುಕೊಂಡೇ ಬಂದಿದ್ದಳು. ತಿಂಗಳುಗಟ್ಟಲೆ ಕೆಮ್ಮು, ಮೈ ಅರ್ಧ ಇಳಿದಿತ್ತು. ಆದರೂ ಹಟ.

"ನಂಗೆಂತ ಆಗ್ಲಿಲ್ಲ ಮಾರಾಯ್ತಿ. ಥಂಡಿ ಕೆಮ್ಮು. ದೋಣಿ ಹೋತದೆ, ಬಿಡು."

"ಒಂದು ನಿಮಿಷ ನಿಲ್ಲೇ. ಎದೆ ಒತ್ತು, ಉಸ್ರು ಹಿಡಿ" ಎಂದು ಶೋಭಾ ಅವಳನ್ನು ಫಲಕದ ಮುಂದೆ ನಿಲ್ಲಿಸಿದಳು. ಅವಳಿಗೆ ಬ್ಯಾಟರಿಯ ವಿಷಯ ಗೊತ್ತಿರಲಿಲ್ಲ. ನನಗೆ ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೆಯುತ್ತಿದೆ ಎಂಬ ಲಕ್ಷ್ಯವೇ ಇರಲಿಲ್ಲ. "ಆತಾ?" ಎಂದು ಶೋಭಾ ಕೇಳಿದ್ದು ಚಿತ್ರದ ವಿಷಯ. ನನ್ನ ಉಜ್ಜುವ ಕೆಲಸ ಮುಗಿಯಿತೇ ಎಂದು ಕೇಳಿದಳೆಂದುಕೊಂಡು ನಾನು "ಆತು" ಎಂದೆ.

ನಮ್ಮ ಕಡೆ ಆ ಒಂದು ಮಾತಿನಲ್ಲಿ ಎಲ್ಲವೂ ಆಗಿಹೋಗುತ್ತದೆ. ಮುಗಿಯಿತು ಎನ್ನಲೂ ಅದೇ, ಸರಿ ಎನ್ನಲೂ ಅದೇ, ಹೊರಡು ಎನ್ನಲೂ ಅದೇ. ನಾಗವೇಣಿ ಬುಟ್ಟಿ ಎತ್ತಿಕೊಂಡು ಓಡಿದಳು. ನಾನು ತಿರುಗಿ ನೋಡಿ, ಆದದ್ದೇನೆಂದು ತಿಳಿದು ದಂಡೆಗೆ ಓಡುವಷ್ಟರಲ್ಲಿ ದೋಣಿ ಅರ್ಧ ಹೊಳೆ ದಾಟಿತ್ತು. ನಾಚಿಕೆಯಾಯಿತು, ಸಿಟ್ಟೂ ಬಂತು. ಬ್ಯಾಟರಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಜಗಲಿಗೆ ವಾಪಸು ಬಂದಾಗ ಶೋಭಾ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದಳು. "ಚಲೋ ಬಂದದೆ ಅಲ್ರಾ ಅಣ್ಣ?" ಎಂದಳು.

ಪರದೆಯ ಮೇಲೆ ಒಂದು ಎದೆಯ ಚಿತ್ರವಿತ್ತು. ಪಕ್ಕೆಲುಬುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಬಲಗಡೆ ಮೇಲೆ, ಹೆಗಲೆಲುಬಿನ ಕೆಳಗೆ, ಬಿಳಿಯ ಮೋಡದಂಥ ಕಲೆ. ನಡುವೆ ಕರಿಮಣಿ ಸರ, ಅದಕ್ಕೆ ಸಿಕ್ಕಿಸಿದ ಎರಡು ಪಿನ್ನು, ಒಂದು ಕೀಲಿಕೈ. ಹೆದರಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹಳೆಯ ಚಿತ್ರ ಬೆರಕೆಯಾಗಿರಬೇಕು ಎನ್ನುವವರಿಗೆ ಹೇಳುತ್ತೇನೆ. ಅಂದು ಬಂದ ಉಳಿದ ಹೆಂಗಸರೆಲ್ಲರಿಂದ ಸರ ತೆಗೆಸಿಯೇ ನಿಲ್ಲಿಸಿದ್ದೆವು. ಗಡಿಬಿಡಿಯಲ್ಲಿ ಸರ ಉಳಿದದ್ದು ನಾಗವೇಣಿಯೊಬ್ಬಳದೇ. ಫಲಕಕ್ಕೆ ಬೇರೆ ಬ್ಯಾಟರಿ ಇದೆ, ಅದು ಚಾಲೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಿರಣ ಬೀಳದಿದ್ದರೆ ಅದರಲ್ಲಿ ಬರುವುದು ಬರೀ ಬೂದು ಬಣ್ಣ. ಯಂತ್ರ ತಾನು ಎಷ್ಟು ಸಲ ಕಿರಣ ಬಿಟ್ಟೆ ಎಂದು ತನ್ನೊಳಗೇ ಎಣಿಸಿಕೊಳ್ಳುತ್ತದೆ. ಅದರ ಅಂದಿನ ಎಣಿಕೆ ಇಪ್ಪತ್ತಾರು. ಲ್ಯಾಪ್‌ಟಾಪಿನಲ್ಲಿದ್ದ ಅಂದಿನ ಚಿತ್ರಗಳು ಇಪ್ಪತ್ತೇಳು.

ಸಂಜೆ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯರೇ, ಆದರೆ ನಿಯಮಕ್ಕೆ ಅಂಜುವವರು. ಕಂಪನಿಗೆ ಫೋನು ಹೋಯಿತು. ತೆಗೆಯದ ಚಿತ್ರದ ಮೇಲೆ ವರದಿ ಕೊಡುವಂತಿಲ್ಲ, ನಿಮ್ಮ ಮೆಕ್ಯಾನಿಕ್ಕಿನ ಕೈಚಳಕದಿಂದ ಆದ ದೋಷ ಅದು, ಅಳಿಸಿಬಿಡಿ ಎಂದಿತು ಆ ಕಡೆಯ ದನಿ. ಡಾಕ್ಟರು ನನ್ನ ಮುಖ ನೋಡಿದರು. "ಇನ್ನೊಂದು ಶಿಬಿರಕ್ಕೆ ಕರೆಸೋಣ" ಎಂದರು. ಇನ್ನೊಂದು ಶಿಬಿರ ಎಂದರೆ ಮೂರು ತಿಂಗಳು. ಆ ಮೈಯನ್ನು ಹೊತ್ತು ಅವಳು ಮೂರು ತಿಂಗಳು ಮೀನು ಮಾರಬೇಕಿತ್ತು.

"ಅಳಿಸೂದಿಲ್ಲ ಡಾಕ್ಟ್ರೇ. ಬೇಕಾದ್ರೆ ನನ್ನ ಈ ಕೆಲ್ಸದಿಂದ ಬಿಡ್ಸಿ" ಎಂದೆ. ಲ್ಯಾಪ್‌ಟಾಪನ್ನು ರಾತ್ರಿ ಅವರ ಮೇಜಿನ ಮೇಲೂ ಬಿಡಲಿಲ್ಲ, ಮನೆಗೆ ಒಯ್ದೆ.

ಮರುದಿನ ಬೆಳಗಿನ ಮೊದಲ ದೋಣಿಗೆ ಶೋಭಾ ಮತ್ತು ನಾನು ಕುದ್ರುವಿಗೆ ಹೋದೆವು. ನಾಗವೇಣಿ ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈಯುತ್ತಲೇ ನಮ್ಮ ಜೊತೆ ಕುಮಟೆಗೆ ಬಂದಳು. ಅಲ್ಲಿ ದೊಡ್ಡ ಯಂತ್ರದಲ್ಲಿ ಮತ್ತೆ ಚಿತ್ರ ತೆಗೆದರು. ಬಲಗಡೆ ಮೇಲೆ, ಅದೇ ಜಾಗದಲ್ಲಿ, ಅದೇ ಆಕಾರದ ಕಲೆ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಆರು ತಿಂಗಳು ಗುಳಿಗೆ ತಿಂದಳು. ಅವಳ ಮನೆಯವರನ್ನೂ ಪರೀಕ್ಷೆ ಮಾಡಿಸಿದೆವು.

ಅನಂತರ ನಾನು ಬ್ಯಾಟರಿ ತೆಗೆದ ಯಂತ್ರವನ್ನು ಅದೇ ಸ್ಟ್ಯಾಂಡಿನ ಮೇಲಿಟ್ಟು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಬರೀ ಬೂದು. ಸುದ್ದಿ ಹರಡಿದ ಮೇಲೆ ಕೆಲವರು ಯಂತ್ರಕ್ಕೆ ಕುಂಕುಮ ಹಚ್ಚಲು ಬಂದರು, ಇಡಗುಂಜಿ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸು ಎಂದರು. ಅವರನ್ನೂ ದೂರ ಇಟ್ಟೆ. ದೋಷ ಎಂದವರಿಗೂ ಪವಾಡ ಎಂದವರಿಗೂ ಅಷ್ಟು ಬೇಗ ಉತ್ತರ ಹೇಗೆ ಸಿಕ್ಕಿತೋ, ನನಗಂತೂ ಸಿಕ್ಕಿಲ್ಲ.

ಗುಳಿಗೆ ಮುಗಿದ ಮೇಲೆ ಒಂದು ದಿನ ನಾಗವೇಣಿ ನನ್ನ ಅಂಗಡಿಗೆ ಬಂದಳು. ಮೈ ತುಂಬಿಕೊಂಡಿತ್ತು, ದನಿ ಮೊದಲಿಗಿಂತ ಜೋರಾಗಿತ್ತು. ಊರವರ ಬಾಯಲ್ಲಿ ಎಲ್ಲ ಕೇಳಿದ್ದಳು.

"ಹೌದನಾ ತಮಾ, ನನ್ನ ಫೋಟೊ ಯಾರು ತೆಗ್ದದ್ದು?"

"ಗೊತ್ತಿಲ್ಲ ಅಕ್ಕ."

ಅವಳು ಬುಟ್ಟಿ ಕೆಳಗಿಟ್ಟಳು. "ಯಾರೇ ತೆಗೀಲಿ. ಅಳ್ಸು ಅಂದವರು ಯಾರು, ಅದು ಹೇಳು ನಂಗೆ" ಎಂದಳು.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಹೇಳಿದೆ.