ಸಾಕಷ್ಟಿದೆ ಎನ್ನುವ ಕ್ಯಾಪ್ಟನ್

ನಮ್ಮ ಭಾವ ವಿಮಾನದ ಕ್ಯಾಪ್ಟನ್. ಇಪ್ಪತ್ತಾರು ವರ್ಷದ ಸೇವೆ, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ. ಮನೆಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದರೂ ಆ ಪಟ್ಟಿಗಳು ಇನ್ನೂ ಭುಜದ ಮೇಲೇ ಇವೆ ಎಂಬಂತೆ ಮಾತಾಡುತ್ತಾರೆ. ನಮ್ಮಕ್ಕ ಇಷ್ಟು ವರ್ಷ ಈ ಮನುಷ್ಯನ ಜೊತೆ ಹೇಗೆ ಬಾಳಿದಳೋ, ಅವಳಿಗೇ ಗೊತ್ತು.

ತನಗೆ ಏನಾದರೂ ಗೊತ್ತಿಲ್ಲ ಎಂಬ ಮಾತಾಗಲಿ, ತನ್ನ ಕೈಲಾಗುವುದಿಲ್ಲ ಎಂಬ ಮಾತಾಗಲಿ ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಒಮ್ಮೆ ಹಲ್ಲು ನೋವಿನಿಂದ ದವಡೆ ಕುಂಬಳಕಾಯಿಯಂತೆ ಊದಿತ್ತು. "ಏನಿಲ್ಲ, ಸ್ವಲ್ಪ ಬಿಗಿ ಅಷ್ಟೆ" ಎನ್ನುತ್ತ ಹನ್ನೊಂದು ದಿನ ಹಾಲು ಕುಡಿದುಕೊಂಡೇ ಕಳೆದರು. ಇನ್ನೊಮ್ಮೆ ಮದುವೆಗೆಂದು ಬೇರೆ ಊರಿಗೆ ಕಾರಿನಲ್ಲಿ ಹೋಗಿದ್ದೆವು. ಒಂದೇ ಪೆಟ್ರೋಲ್ ಬಂಕನ್ನು ನಾಲ್ಕನೇ ಸಲ ದಾಟಿದಾಗ ಅಕ್ಕ ಹಿಂದಿನ ಸೀಟಿನಿಂದ, "ರೀ, ಆ ಬಂಕಿನವನನ್ನಾದ್ರೂ ಕೇಳಿ" ಎಂದಳು.

"ಬಂಕಿನವನು ನಂಗೆ ದಾರಿ ಹೇಳೋದಾ?" ಎಂದರು ಭಾವ. ನಾವು ತಲುಪುವ ಹೊತ್ತಿಗೆ ಊಟದ ಎಲ್ಲ ಪಂಕ್ತಿಗಳೂ ಎದ್ದಿದ್ದವು.

ನಾನು ನಮ್ಮೂರ ವಿಮಾನ ನಿಲ್ದಾಣದಲ್ಲಿ ಕಂಟ್ರೋಲರ್. ಬರುವ ವಿಮಾನಗಳನ್ನು ಸಾಲಿಗೆ ಹಚ್ಚಿ, ರೇಡಿಯೋದಲ್ಲಿ ಹೇಳಿ, ಒಂದೊಂದಾಗಿ ಇಳಿಸುವುದು ನನ್ನ ಕೆಲಸ. ಸಾಲು ಅಂದರೆ ಸಾಲು. ಮಂತ್ರಿ ಕೂತಿರಲಿ, ಮಾವ ಕೂತಿರಲಿ, ಸರದಿ ಬಂದಾಗಲೇ ಇಳಿಯಬೇಕು. ಆದರೆ ಇಂಧನ ತೀರಾ ಕಡಿಮೆಯಾದರೆ ಪೈಲಟ್ ಮೂರು ಸಲ 'ಮೇಡೇ' ಎಂದರೆ ಸಾಕು, ಉಳಿದವರನ್ನೆಲ್ಲ ಪಕ್ಕಕ್ಕೆ ಸರಿಸಿ ಅವನಿಗೆ ದಾರಿ ಬಿಡುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಏಕೆ ಹಾಗಾಯಿತೆಂದು ಆಮೇಲೆ ಎರಡು ಪುಟ ಬರೆದುಕೊಡಬೇಕು, ಅಷ್ಟೆ.

ಆ ದಿನ ಬೆಳಗ್ಗೆ ಎಂಟಾದರೂ ಮಂಜು ಕರಗಿರಲಿಲ್ಲ. ನನ್ನ ಕಿಟಕಿಯಿಂದ ನೋಡಿದರೆ ರನ್‌ವೇಯ ಮೊದಲ ಎರಡು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮೇಲೆ ನಾಲ್ಕು ವಿಮಾನಗಳು ಮಂಜು ತೆಳುವಾಗಲೆಂದು ಕಾಯುತ್ತ, ಒಂದರ ಮೇಲೊಂದು ಸುತ್ತು ಹಾಕುತ್ತಿದ್ದವು. ನಾಲ್ಕನೆಯದು ಭಾವನದು. ಅದರಲ್ಲಿ ನೂರಾ ಹನ್ನೆರಡು ಜನ. ಆರನೇ ಸಾಲಿನಲ್ಲಿ ನಮ್ಮಕ್ಕ, ಚಿಕ್ಕಮ್ಮನ ಮನೆಯಿಂದ ವಾಪಸ್ ಬರುತ್ತಿದ್ದಳು.

ಇಂಧನ ಎಷ್ಟಿದೆಯೆಂದು ಎಲ್ಲರನ್ನೂ ವಿಚಾರಿಸಿದೆ. ಮೊದಲನೆಯವನು, "ಇನ್ನು ಇಪ್ಪತ್ತು ನಿಮಿಷ ಕಾಯ್ತೀನಿ, ಆಮೇಲೆ ಬೇರೆ ಊರಿಗೆ ಹೋಗ್ತೀನಿ" ಎಂದ. ಉಳಿದಿಬ್ಬರೂ ಹೀಗೇ ಲೆಕ್ಕ ಹೇಳಿದರು. ಭಾವ ಮಾತ್ರ, "ಸಾಕಷ್ಟಿದೆ" ಎಂದರು. ಸಾಕಷ್ಟು ಎಂದರೆ ಎಷ್ಟು? ಅದನ್ನು ಹೇಳುವುದು ಅವರ ಅಂತಸ್ತಿಗೆ ಕಡಿಮೆ.

ಹತ್ತು ನಿಮಿಷವಾದ ಮೇಲೆ ಅವರದೇ ದನಿ ಬಂತು. "ಸ್ವಲ್ಪ ಬೇಗ ಆದ್ರೆ ಅನುಕೂಲ."

"ತುರ್ತು ಇದೆಯಾ?" ಎಂದೆ.

"ಹಾಗೇನಿಲ್ಲ."

ಇನ್ನೊಂದು ಲೋಟ ಕಾಫಿ ಸಿಕ್ಕರೆ ಅನುಕೂಲ ಎನ್ನುವ ಹಾಗೆ ಹೇಳಿದರು. ಆ ಹೊತ್ತಿಗಾಗಲೇ ಬೇರೆ ಊರಿಗೆ ಹೋಗುವಷ್ಟು ಇಂಧನ ಅವರ ಬಳಿ ಉಳಿದಿರಲಿಲ್ಲ ಎಂಬುದು ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. ಇಲ್ಲಿ ಇಳಿಯಬೇಕು, ಇಲ್ಲವೇ ಬೀಳಬೇಕು. ಆದರೂ ಈ ಮಹಾನುಭಾವರು ಇನ್ನೊಂದು ಸುತ್ತು ಹಾಕಿದರು.

ಆಗ ರೇಡಿಯೋದಲ್ಲಿ ಹೆಣ್ಣು ದನಿ ಕೇಳಿಸಿತು. ಭಾವನ ಪಕ್ಕದಲ್ಲಿ ಕೂತಿದ್ದ ಕೋ-ಪೈಲಟ್, ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿದ್ದ ಹುಡುಗಿ. "ಮೇಡೇ, ಮೇಡೇ, ಮೇಡೇ. ಇಂಧನ ಮುಗೀತಾ ಇದೆ. ಬೇರೆ ಕಡೆ ಹೋಗೋಕಾಗಲ್ಲ. ಈಗಲೇ ಇಳೀಬೇಕು." ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ.

ಮೂರು ವಿಮಾನಗಳನ್ನೂ ಸರಿಸಿ ದಾರಿ ಕೊಟ್ಟೆ. ಏಳು ನಿಮಿಷ ಕಿಟಕಿಯಾಚೆಯ ಆ ಎರಡು ದೀಪಗಳ ಕಡೆಗೇ ನೋಡುತ್ತಿದ್ದೆ. ಕೊನೇ ಗಳಿಗೆಯಲ್ಲಿ ಅವರಿಗೆ ರನ್‌ವೇಯ ದೀಪಗಳು ಕಂಡವು, ಇಳಿದರು. ಟ್ಯಾಂಕಿನಲ್ಲಿ ಉಳಿದಿದ್ದದ್ದು ಒಂಬತ್ತು ನಿಮಿಷದ ಇಂಧನ.

ಎರಡು ವಾರದ ಮೇಲೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು, ನಾವು ಮೂವರೇ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಭಾವನದು. "ಆ ಹುಡುಗಿ ಗಾಬರಿಬಿದ್ದಳು. ನಾನು ಹೇಳೋನೇ ಇದ್ದೆ. ಕ್ಯಾಪ್ಟನ್ ಕೂತಿರುವಾಗ ಕೇಳದೆ ಬಾಯಿ ಹಾಕಿದ್ದು ತಪ್ಪು ಅಂತ ಬರೆದುಕೊಟ್ಟಿದೀನಿ" ಎಂದರು, ತಟ್ಟೆಯಿಂದ ತಲೆ ಎತ್ತದೆ.

ಜೀವ ಉಳಿಸಿದವಳ ಮೇಲೆ ದೂರು.

ಅಕ್ಕ ನೀರಿನ ಜಗ್ಗನ್ನು ಕೆಳಗಿಟ್ಟಳು. "ನಾನು ಆರನೇ ಸಾಲಲ್ಲಿ ಕೂತಿದ್ದು ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿಲ್ಲದೆ ಏನು?"

"ಆದ್ರೂ ಬಾಯಿ ಬಿಡಲಿಲ್ಲ."

ಭಾವ ತಲೆ ಎತ್ತಿದರು. ಇಷ್ಟು ಸರಳವಾದದ್ದು ಇವಳಿಗೆ ತಿಳಿಯುತ್ತಿಲ್ಲವಲ್ಲ ಎಂಬ ಬೇಸರ ಆ ಮುಖದಲ್ಲಿತ್ತು. "ರೇಡಿಯೋದಲ್ಲಿ ಇನ್ನೂ ಮೂರು ಜನ ಕ್ಯಾಪ್ಟನ್‌ಗಳು ಕೇಳಿಸ್ಕೊಳ್ತಾ ಇದ್ರು ಕಣೆ."

ನೂರಾ ಹನ್ನೆರಡು ಜನ ಒಂದು ತಕ್ಕಡಿಯಲ್ಲಿ, ಮೂರು ಜನರ ಕಿವಿ ಇನ್ನೊಂದರಲ್ಲಿ. ನನಗೆ ನಗು ತಡೆಯಲಾಗಲಿಲ್ಲ, ಛೀ ಎನ್ನುವಂಥ ನಗು. ಇಪ್ಪತ್ತು ವರ್ಷದಿಂದ ಈ ಮನುಷ್ಯನ ಬಗ್ಗೆ ಇದ್ದ ತಾತ್ಸಾರವೆಲ್ಲ ಆ ನಗುವಿನಲ್ಲಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. "ನೀನು ಯಾಕೋ ನಗ್ತೀಯ? 'ಸ್ವಲ್ಪ ಬೇಗ ಆದ್ರೆ ಅನುಕೂಲ' ಅಂದ್ರು ಅಂತ ನೀನೇ ಹೇಳಿದ್ಯಲ್ಲ, ಇವರ ಬಾಯಲ್ಲಿ ಆ ಮಾತು ಬಂದಾಗ ನಿಂಗೆ ಗೊತ್ತಾಗ್ಲಿಲ್ವಾ? ಇವರು ಎಂಥೋರು ಅಂತ ನಿಂಗೆ ಗೊತ್ತಿಲ್ವಾ?"

ಗೊತ್ತಾಗಿತ್ತು. ಅವರನ್ನು ಮುಂದೆ ಕರೆಯೋಣವೆಂದು ಗುಂಡಿ ಒತ್ತಲು ಹೋದ ಬೆರಳನ್ನು ನಾನೇ ಹಿಂದಕ್ಕೆಳೆದುಕೊಂಡಿದ್ದೆ.

"ಭಾವನಿಗೆ ಅಂತ ಸಾಲು ಮುರಿದ ಅಂತ ಎಲ್ರೂ ಆಡ್ಕೋತಾರೆ ಅಂತ..." ಎಂದೆ.

ಅಕ್ಕ ನಮ್ಮಿಬ್ಬರನ್ನೂ ಒಂದೇ ಕಣ್ಣಿನಿಂದ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು.

"ಆ ಹುಡುಗಿ ನಂಬರ್ ಹೇಳಿ, ಇಬ್ಬರಲ್ಲಿ ಯಾರಾದ್ರೂ."