ಕೈ ಮುಟ್ಟದೆ ತಿನ್ನುವ ಹಣ್ಣು

ದೊಡ್ಡವ್ವನ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಸೋಪು ಹಾಕಿ ತಿಕ್ಕಿದರೂ ಬಣ್ಣ ಹೋಗದು, ಖಾರವಂತೂ ಹೋಗದು. ಬ್ಯಾಡಗಿಯ ವ್ಯಾಪಾರಿಯೊಬ್ಬರ ಗೋದಾಮಿನ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ಅವಳೂ ಜೊತೆಯ ಹೆಂಗಸರೂ ಕೂರುತ್ತಿದ್ದದ್ದು ಗಸಗಸೆ ಹಣ್ಣಿನ ಮರದ ನೆರಳಲ್ಲಿ. ಕೆಲವರು ಸಿಂಗಾಪುರ ಚೆರ್ರಿ ಎನ್ನುತ್ತಾರಲ್ಲ, ಅದೇ. ಯಾರೂ ನೆಡದೆ ಗಟಾರದ ಅಂಚಿನಲ್ಲಿ ತಾನೇ ಎದ್ದ ಮರ.

ತಾನೇ ಎದ್ದದ್ದಕ್ಕೆ ಪುರಾವೆ ಏನು ಎಂದು ನಾನು ಕೇಳಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದ ನನಗೆ ಮನೆಯವರ ಮಾತೂ ಸುಮ್ಮನೆ ಒಪ್ಪುವಂಥದ್ದಾಗಿರಲಿಲ್ಲ. ದೊಡ್ಡವ್ವ ಗೋಡೆಯ ಮೇಲಿನ ಬಾವಲಿ ಹಿಕ್ಕೆ ತೋರಿಸಿದಳು. ಅದರ ತುಂಬ ಗಸಗಸೆಯಂಥ ಬೀಜ. ಕೆಳಗಿನ ಬಿರುಕಿನಲ್ಲಿ ಬೆರಳುದ್ದದ ಸಸಿ.

"ಬಿತ್ತಿದಂವ ಗ್ವಾಡಿ ಮ್ಯಾಲೆ ಸಹಿ ಮಾಡಿ ಹೋಗ್ಯಾನ. ಓದ್ಕೊ, ವಕೀಲಮ್ಮ."

ಮೆತ್ತನೆಯ ರೋಮದ, ತುಸು ಜಿಗುಟಾದ ಎಲೆಯನ್ನೂ ಅವಳೇ ತೋರಿಸಿದ್ದು. ಅದರ ಬುಡದಲ್ಲಿ ಒಂದು ಬದಿ ಇಳಿದಿರುತ್ತದೆ. "ನೋಡು, ಒಂದ ಹೆಗಲ ಇಳದೈತಿ. ನನ್ನಂಗ ಚೀಲ ಹೊತ್ತೈತಿ ಇದು" ಎಂದು ನಕ್ಕಿದ್ದಳು.

ಪರದೇಶಿ ಗಿಡ ತೆಗೆದು ಬೇವು ನೆಡುವ ಹುರುಪು ನಮ್ಮ ಕಾಲೇಜಿನ ಗುಂಪಿಗೆ ಹತ್ತಿದಾಗ ನಾನೇ ಒಂದು ಮುಂಜಾನೆ ವ್ಯಾಪಾರಿಯೆದುರು ವಾದಿಸಿದೆ: ಇದು ಅಮೆರಿಕ ಖಂಡದ್ದು, ನಮ್ಮ ನೆಲದ್ದಲ್ಲ. ಮೆಣಸಿನಕಾಯಿಯೂ ಅಲ್ಲಿಂದಲೇ ಬಂದದ್ದೆಂದು ನನಗೆ ಗೊತ್ತಿತ್ತು. ಎದುರಾಳಿ ಎತ್ತದ ಅಂಶವನ್ನು ನಾವಾಗಿ ಎತ್ತಬಾರದು ಎಂಬುದೂ ಗೊತ್ತಿತ್ತು. ವ್ಯಾಪಾರಿಗೂ ಲಾರಿ ತಿರುಗಿಸಲು ಜಾಗ ಬೇಕಿತ್ತು. "ನಾಳೆ ಕಡಸ್ತೀನಿ ತಗೋ" ಎಂದರು.

ಗೆದ್ದ ಸುದ್ದಿಯನ್ನು ನೇರ ದೊಡ್ಡವ್ವನಿಗೇ ಹೇಳಿದೆ.

"ಬೇವು ನೆಳ್ಳ ಕೊಡೂಮಟ ನಾವೆಲ್ಲಿ ಕುಂದರೂದು?"

ನಾನು ಅಂಗಳದಲ್ಲೆಲ್ಲ ಕಣ್ಣಾಡಿಸಿ ಬೇರೆ ನೆರಳು ಹುಡುಕಿದೆ. "ಉತ್ತರ ಸಿಗೂಮಟ ಕುಂದರ ಬಾ" ಎಂದು ಒಂದು ಬುಟ್ಟಿ ನನ್ನತ್ತ ತಳ್ಳಿದಳು.

ತಾಸು ಕಳೆಯುವುದರಲ್ಲಿ ಬೆರಳು ಉರಿಯತೊಡಗಿದವು. ಬೆವರು ಒರೆಸಲು ಕೈಯೆತ್ತಿದರೆ ಅವಳು ಮೊಣಕೈಯಿಂದ ತಡೆದಳು: "ಕಣ್ಣ ಹೋಗ್ತಾವ, ಹುಚ್ಚಿ!" ಬಿಡುವಾದಾಗ ಹೆಂಗಸರೆಲ್ಲ ಎದ್ದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಾಗಿದ ಕೊಂಬೆಗಳ ಕೆಳಗೆ ಮುಖವೆತ್ತಿ ನಿಂತರು. ತುಟಿಯಿಂದಲೇ ಹಣ್ಣು ಕಿತ್ತು ತಿಂದರು. ಈ ಮರದ ಬಿಳಿ ಹೂ ಎಲೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಕಾಯಾಗುತ್ತಲೇ ತೊಟ್ಟು ಬಾಗಿ ಎಲೆಯ ಕೆಳಗೆ ಜೋತುಬೀಳುತ್ತದೆ. ಅಷ್ಟನ್ನು ನಾನು ಓದಿದ್ದೆ. ಹಾಗೆ ಜೋತುಬಿದ್ದದ್ದು ಯಾರ ಬಾಯಿಗೆ ಎಟುಕುತ್ತದೆ ಎಂದು ಎಲ್ಲೂ ಓದಿರಲಿಲ್ಲ.

ಸಂಜೆ ಮತ್ತೆ ವ್ಯಾಪಾರಿಯ ಮುಂದೆ ನಿಂತೆ.

"ಮುಂಜಾನೆ ನೀನ ಕಡೀರಿ ಅಂದೆಲ್ಲ?"

"ತಪ್ಪ ಹೇಳಿದ್ನಿರಿ." ಮೆಣಸಿನಕಾಯಿಯ ಮೂಲವನ್ನೂ ಹೇಳಿಬಿಟ್ಟೆ.

"ಹಂಗಾರ ನನ್ನ ಗೋದಾಮನೂ ಕಡಸ್ಲೇನು?" ಎಂದು ಅವರು ಹೊಟ್ಟೆ ಅಲುಗಿಸಿ ನಕ್ಕರು. ಲಾರಿಗೆ ತಾಗುವ ಒಂದು ಕೊಂಬೆ ಹೋಯಿತು. ಮರ ಉಳಿಯಿತು.

ಮಾರನೆಯ ದಿನ ನಡೆದದ್ದನ್ನೆಲ್ಲ ಹೇಳಿದಾಗ ದೊಡ್ಡವ್ವ ತನ್ನ ಮುಂದಿನ ಕೆಂಪು ರಾಶಿಯಿಂದ ಒಂದು ಕಾಯಿ ಎತ್ತಿ ತಿರುವಿ ನೋಡಿದಳು. "ಇದೂ ಅಲ್ಲಿಂದನಾ? ಮೊದಲ ಹೇಳಿದ್ರ ನಿನ್ನ ನಾನ ಸೋಲಸ್ತಿದ್ನೆಲ್ಲ!"

ನಿನ್ನೆ ಬುಟ್ಟಿ ತಳ್ಳಿದಾಗಲೇ ಸೋಲಿಸಿಯಾಗಿದೆ ಎಂದು ನಾನು ಹೇಳಲಿಲ್ಲ. ವ್ಯಾಪಾರಿಯೆದುರು ಒಮ್ಮೆ ತಪ್ಪೊಪ್ಪಿದ ಮೇಲೆ, ಸೋತೆನೆಂದು ಎರಡನೆಯ ಸಲ ಹೇಳಲು ಆ ವಯಸ್ಸಿಗೆ ನಾಲಿಗೆ ಬರಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಹೇಳುವುದು ಉಳಿದೇ ಹೋಯಿತು.