ಕೊಯ್ಯುವ ರೊಸೇರ್ ಹೊಡೆದ ಕರಡಿ

ನನ್ನ ತಂಗಿ ಜಿಜೆಲ್‌ಳ ಗಂಡ ರೊಸೇರ್ ಲವಸೂರ್ ನಲವತ್ತೊಂದು ವರ್ಷ ನಮ್ಮೂರಿನ ಬೇಟೆಯನ್ನೆಲ್ಲ ಕೊಯ್ದ. ತಾನು ಮಾತ್ರ ಒಂದು ಮೊಲವನ್ನೂ ಹೊಡೆದವನಲ್ಲ. ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿ ಇದು, ನದಿ ದಾಟಿದರೆ ಕೆನಡಾ. ಇಲ್ಲಿ ಗಂಡಸಾಗಿ ಹುಟ್ಟಿ ಬೇಟೆಗೆ ಹೋಗದವನೆಂದರೆ ಒಂದೋ ಪಾದ್ರಿ, ಇಲ್ಲವೇ ಕಾಯಿಲೆಯವನು. ರೊಸೇರ್ ಎರಡೂ ಅಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ರಬ್ಬರ್ ಏಪ್ರನ್ ಕಟ್ಟಿಕೊಂಡು, ಫ್ರೆಂಚ್ ರೇಡಿಯೋ ಹಾಕಿಕೊಂಡು, ಆಗಸ್ಟ್ ಕೊನೆಯಿಂದ ಕರಡಿ, ಅಕ್ಟೋಬರಿನಲ್ಲಿ ಮೂಸ್ ಎಂಬ ಭಾರಿ ಕಡವೆ, ನವೆಂಬರಿನಲ್ಲಿ ಜಿಂಕೆ ಎಂದು ಬಂದದ್ದನ್ನೆಲ್ಲ ಕೊಯ್ದು ಬಿಳಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಉಳಿದ ತಿಂಗಳು ಆಲೂಗಡ್ಡೆ ಗೋದಾಮಿನಲ್ಲಿ ಕೆಲಸ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಬಾಯಿ ಒಂದೇ.

ಆ ಬಾಯಿಗೆ ಊರೇ ಹೆದರುತ್ತಿತ್ತು. ಯಾರು ಏನೇ ಹೊಡೆದು ತಂದರೂ ಅವನು ಮೊದಲು ಕೇಳುತ್ತಿದ್ದದ್ದು ತೂಕವನ್ನಲ್ಲ, ಉದ್ದವನ್ನಲ್ಲ. "ಪೆಟ್ಟು ಬಿದ್ದ ಮೇಲೆ ಎಷ್ಟು ಹೊತ್ತು ಬದುಕಿತ್ತು?" ಎಂದು ಕೇಳುತ್ತಿದ್ದ. ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಹೊಟ್ಟೆ ಸೀಳಿ, ಗಾಯದ ಅಂಚು ನೋಡಿ, ಒಳಗೆ ಹೆಪ್ಪುಗಟ್ಟಿದ್ದನ್ನು ಬೆರಳಿನಲ್ಲಿ ಮುಟ್ಟಿ, ಗೋಡೆ ಗಡಿಯಾರ ನೋಡಿದವನ ಹಾಗೆ ಲೆಕ್ಕ ಹೇಳಿಬಿಡುತ್ತಿದ್ದ. ಊರಿಗೆಲ್ಲ ಏಕವಚನ. ನನಗೊಬ್ಬನಿಗೆ ಬಹುವಚನ, ಹೆಂಡತಿಯ ಅಣ್ಣ ಎಂದು.

ಮೂರು ವರ್ಷದ ಹಿಂದೆ ಆಲೂಗಡ್ಡೆ ಬೆಳೆಗಾರ ಅನ್ಸೆಲ್ಮ್ ಗನ್ಯೋ ಒಂದು ಕರಡಿ ತಂದ. ಬಾಣ ಹೊಟ್ಟೆಗೆ ಬಿದ್ದಿತ್ತು. ನಾನೂ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದೆ.

"ಬೆಳಗ್ಗೆ ಹೋದಾಗ ಸತ್ತಿತ್ತು ಕಣೋ. ನಂಗೇನ್ ಗೊತ್ತು," ಅಂದ ಅನ್ಸೆಲ್ಮ್.

"ನಂಗ್ ಗೊತ್ತು. ನೀನು ಮನೇಲಿ ಗೊರಕೆ ಹೊಡೀತಿದ್ದಾಗ ಇದು ಬದುಕಿತ್ತು. ಬಾ ಇಲ್ಲಿ, ಕೈ ಹಾಕು. ಹಾಕೋ, ಯಾಕೆ ಅಸಹ್ಯ? ಮಾಡಿದ್ದು ನೀನೇ ಅಲ್ವಾ?"

ಶೆಡ್ಡಿನಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅನ್ಸೆಲ್ಮ್‌ನ ಕಿವಿ ಕೆಂಪಾಯಿತು. "ದಡದ ಮೇಲೆ ನಿಂತು ಈಜು ಹೇಳ್ಕೊಡೋನು ನೀನು," ಅಂದ. "ನೀನೊಂದು ಹೊಡೆದು ತೋರ್ಸು. ಆಮೇಲೆ ನನ್ನ ಕೈ ಎಲ್ಲಿ ಬೇಕಾದ್ರೂ ಹಾಕಿಸು."

ಎಲ್ಲರೂ ನಕ್ಕರು. ನಾನೂ ನಕ್ಕೆ. ರೊಸೇರ್ ನಗಲಿಲ್ಲ. ಒಂದು ವಾರ ಬಿಟ್ಟು ನೋಡಿದರೆ ಬಿಲ್ಲು ತಂದಿದ್ದ, ಎರಡೂ ತುದಿಗೆ ಪುಟ್ಟ ಗಾಲಿ ಇರುವ ಈಗಿನ ಕಾಲದ್ದು.

ಬಂದೂಕು ಬೇಡ ಎಂದದ್ದು ಅವನೇ. "ಗುಂಡು ಒಡೆಯತ್ತೆ ಭಾವ, ಬಾಣ ಕೊಯ್ಯತ್ತೆ. ಅದರ ತುದಿ ಅಂದ್ರೆ ಕತ್ತೀನೇ. ಕತ್ತಿ ನಂಗೆ ಗೊತ್ತು. ಎಲ್ಲಿ ಕೊಯ್ದ್ರೆ ಏನಾಗತ್ತೆ ಅನ್ನೋದು ಈ ಊರಲ್ಲಿ ನನಗಿಂತ ಯಾರಿಗೆ ಗೊತ್ತು?" ಮಾತು ಸರಿಯೇ ಇತ್ತು. ಕೊಯ್ಯುವ ಮೇಜಿನ ಮೇಲೆ ಮಲಗಿದ ಪ್ರಾಣಿ ಹೆಜ್ಜೆ ಮುಂದಿಡುವುದಿಲ್ಲ ಎನ್ನುವುದೊಂದನ್ನು ಅವನೂ ಮರೆತ, ನಾನೂ ಮರೆತೆ.

ಎರಡು ವರ್ಷ ಆಲೂಗಡ್ಡೆ ಹೊಲದ ಅಂಚಿನಲ್ಲಿ ಹುಲ್ಲಿನ ಮೂಟೆಗೆ ಪೇಪರ್ ತಟ್ಟೆ ಸಿಕ್ಕಿಸಿ ಹೊಡೆದ. ಇಪ್ಪತ್ತು ಹೆಜ್ಜೆಯಿಂದ ಒಂದೂ ತಪ್ಪದ ಹಾಗಾಯಿತು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಅವನಿಗೆ ಬಂದ ಆ ಹುಚ್ಚನ್ನು ಕಂಡು ಜಿಜೆಲ್, "ನನ್ನ ಕಡೆ ಇಷ್ಟು ನೆಟ್ಟಗೆ ಯಾವತ್ತೂ ನೋಡಿರ್ಲಿಲ್ಲ ಅಣ್ಣ," ಎಂದು ನಗುತ್ತಿದ್ದಳು. ಅವನಿಗದು ತಮಾಷೆಯಾಗಿರಲಿಲ್ಲ. ಒಂದು ದಿನ ಬಾಣ ಕೀಳುತ್ತಾ ನನಗೆ ಹೇಳಿದ: "ಒಂದೇ ಒಂದು ಕರಡಿ ಭಾವ. ಏನಾಯ್ತು ಅಂತ ಅದಕ್ಕೆ ತಿಳಿಯೋದ್ರೊಳಗೆ ಹೋಗ್ಬಿಡಬೇಕು. ಜೀವನಪೂರ್ತಿ ಕೆಟ್ಟ ಸಾವುಗಳನ್ನೇ ತೊಳೆದಿದ್ದೀನಿ. ಒಂದು ಒಳ್ಳೇದು ನನ್ನ ಕೈಯಿಂದ ಆಗ್ಲಿ."

ಕಳೆದ ಸೆಪ್ಟೆಂಬರಿನಲ್ಲಿ ಕಾಡಿನೊಳಗೆ ಪೀಪಾಯಿ ಇಟ್ಟು, ಕರಡಿ ವಾಸನೆಗೆ ಬರಲೆಂದು ಹಳೆ ಬ್ರೆಡ್ಡು, ಕಾಕಂಬಿ ತುಂಬಿಸಿದೆವು. ಎದುರಿನ ಮರದಲ್ಲಿ ಅವನ ಅಟ್ಟಣೆ. ಹತ್ತು ದಿನ ಬರೀ ಅಳಿಲು. ಹನ್ನೊಂದನೇ ಬೆಳಗ್ಗೆ ನಾನು ಟ್ರಕ್ಕಿನಲ್ಲಿ ಕೂತು, ಜಿಜೆಲ್ ಕಟ್ಟಿಕೊಟ್ಟ ಪ್ಲೋಯ್ ದೋಸೆಗೆ ಬೆಣ್ಣೆ ಸವರಿ ತಿನ್ನುತ್ತಿದ್ದೆ. ನನ್ನ ಬಂದೂಕು ಸೀಟಿನ ಹಿಂದೆ ಇತ್ತು. ಅದನ್ನು ಕಾಡಿನೊಳಗೆ ತರಬಾರದು ಎಂದು ಅವನ ಕಟ್ಟಪ್ಪಣೆ. ಬಿಲ್ಲಿನಲ್ಲಿ ಶುರುವಾದದ್ದು ಬಿಲ್ಲಿನಲ್ಲೇ ಮುಗಿಯಬೇಕಂತೆ. ಏಳೂವರೆಗೆ ಅವನು ನಡೆದು ಬಂದ. ಮುಖ ನೋಡಿದ್ದೇ ದೋಸೆ ಕೆಳಗಿಟ್ಟು ಇಳಿದೆ.

"ಏಳು ಹತ್ತಕ್ಕೆ ಹೊಡೆದೆ," ಅಂದ. "ಬಿಟ್ಟ ಕ್ಷಣಕ್ಕೇ ಒಂದು ಹೆಜ್ಜೆ ಮುಂದೆ ಇಡ್ತು."

ಹೋಗಿ ನೋಡಿದೆವು. ಬಾಣ ಆಚೆ ಕಡೆಯಿಂದ ಹೊರಬಂದು ಮಣ್ಣಿಗೆ ಚುಚ್ಚಿಕೊಂಡಿತ್ತು. ಅವನು ಅದನ್ನು ಕಿತ್ತು ಮೂಗಿನ ಹತ್ತಿರ ಹಿಡಿದ. ನನಗೂ ವಾಸನೆ ಬಂತು. ನಮ್ಮದೇ ಬ್ರೆಡ್ಡು, ಕಾಡುಹಣ್ಣು, ಎರಡೂ ಹುಳಿಯಾಗಿದ್ದವು.

"ಪುಪ್ಪುಸ ಅಲ್ಲ. ಲಿವರ್ರೂ ಅಲ್ಲ. ಹೊಟ್ಟೆ," ಅಂದ. ಬೇರೆಯವರ ಕರಡಿಗೆ ಹೇಳುತ್ತಿದ್ದ ಅದೇ ದನಿ. ಆಮೇಲೆ ಆ ದನಿ ಹೋಯಿತು. "ಭಾವ, ಒಂದು ಗೇಣು. ಒಂದೇ ಗೇಣು ಹಿಂದೆ."

ಇಂಥ ಪೆಟ್ಟಿಗೆ ಇರುವುದು ಒಂದೇ ದಾರಿ, ಅದು ಕೈಕಟ್ಟಿ ಕೂರುವುದು. ಬೆನ್ನು ಹತ್ತಿದರೆ ಕರಡಿ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಕೊಬ್ಬು ಗಾಯವನ್ನು ಮುಚ್ಚುತ್ತದೆ, ರಕ್ತ ಕೂದಲಲ್ಲೇ ಇಂಗುತ್ತದೆ, ಜಾಡು ಸಿಗುವುದಿಲ್ಲ. ಎಲ್ಲೋ ಎರಡು ದಿನ ನರಳಿ ಸಾಯುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗಿ ಅಲ್ಲೇ ಮುಗಿಯುತ್ತದೆ. ಇದನ್ನು ನಲವತ್ತೊಂದು ವರ್ಷ ಊರಿಗೆ ಹೇಳಿದವನು ಅವನೇ. ಹಾಗಾಗಿ ಪೀಪಾಯಿಯ ಪಕ್ಕದಲ್ಲಿ ಒಂದು ಬಿದ್ದ ಮರದ ಮೇಲೆ ಇಬ್ಬರೂ ಕೂತೆವು, ಮಧ್ಯಾಹ್ನ ಎರಡು ಗಂಟೆಯವರೆಗೆ ಕಾಯುವುದೆಂದು.

ಕಾಯುವುದು ನನಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಅವನ ಪಕ್ಕ ಕೂರುವುದು. ಬಿಸಿಲು ಏರುತ್ತಿತ್ತು, ನೊಣ ಬರತೊಡಗಿದವು. ಅವನು ನೆಲ ನೋಡಿಕೊಂಡು ಹೇಳುತ್ತಾ ಹೋದ.

"ಈಗ ಬಾಯಾರಿಕೆ ಶುರುವಾಗಿರತ್ತೆ."

ನಾನು ಟೋಪಿಯಿಂದ ನೊಣ ಓಡಿಸಿದೆ.

"ಹೊಟ್ಟೇಲಿರೋದು ಒಳಗೆಲ್ಲ ಸೋರ್ತಿರತ್ತೆ. ಸುಡತ್ತೆ ಅದು. ತಂಪು ಹುಡುಕ್ಕೊಂಡು ಜೌಗಿಗೆ ಹೋಗತ್ತೆ. ಏಳತ್ತೆ, ಮಲಗತ್ತೆ, ಮತ್ತೆ ಏಳತ್ತೆ."

"ಸಾಕು ಬಿಡೋ ಮಾರಾಯ. ಸತ್ತಿರಬಹುದು."

"ಸತ್ತಿಲ್ಲ," ಅಂದ. "ನಂಗೆ ಗೊತ್ತಾಗಲ್ವಾ?"

ಗೊತ್ತಿರುವುದು ಇಷ್ಟು ದೊಡ್ಡ ಶಾಪ ಎಂದು ನನಗೆ ಅಂದೇ ತಿಳಿದದ್ದು. ನಾನು ಚಿಕ್ಕಂದಿನಿಂದ ಹದಿನೇಳು ಕರಡಿ ಹೊಡೆದಿದ್ದೇನೆ, ಎಲ್ಲ ದೂರದಿಂದ, ಬಂದೂಕಿನಲ್ಲಿ. ಒಳಗೆ ಏನಾಗುತ್ತದೆ ಎಂದು ಕೇಳಿಕೊಂಡವನಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವನು. ರೊಸೇರ್ ಎರಡು ಸಲ ಎದ್ದು ನಿಂತ. ಎರಡು ಸಲವೂ ನಾನೇ ತೋಳು ಹಿಡಿದು ಕೂರಿಸಿದೆ. ಮೂರನೇ ಸಲ ಅವನೇ ಎದ್ದು ಅವನೇ ಕೂತ.

ಎರಡಕ್ಕೆ ಹೊರಟೆವು. ರಕ್ತ ಅಲ್ಲೊಂದು ಇಲ್ಲೊಂದು ಹನಿ. ಜೌಗಿನಲ್ಲಿ ಪಂಜದ ಗುರುತು ಸಿಕ್ಕಿತು. ದೇವದಾರು ಮರಗಳ ನಡುವೆ ಕೆಸರಿನಲ್ಲಿ ಮಂಡಿಯುದ್ದ ಹೂತುಕೊಂಡು ನಡೆದು, ಎರಡೂ ಮುಕ್ಕಾಲಿಗೆ ಅದನ್ನು ಕಂಡೆವು. ಅವನೆಣಿಸಿದ್ದಕ್ಕಿಂತ ದೂರ ಬಂದಿತ್ತು. ಪೊದೆಯೊಂದರೊಳಗೆ ಮಲಗಿ, ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಹೆಣ್ಣು ಕರಡಿ, ದೊಡ್ಡದೇನಲ್ಲ.

ರೊಸೇರ್ ಬಾಣ ಹೂಡಿದ. ಬತ್ತಳಿಕೆಯಲ್ಲಿ ಉಳಿದದ್ದು ಮೂರು. ಮೊದಲನೆಯದು ಪೊದೆಯ ಕಡ್ಡಿಗೆ ತಾಗಿ ತಿರುಗಿ ಎಲ್ಲೋ ಹೋಯಿತು. ಎರಡನೆಯದು ತೊಡೆಗೆ ನಾಟಿತು. ಕರಡಿ ತಲೆ ತಿರುಗಿಸಿ ಆ ಬಾಣವನ್ನು ಹಲ್ಲಿನಿಂದ ಕಚ್ಚಿತು, ಬಿಟ್ಟಿತು. ರೊಸೇರ್ ಮೂರನೆಯದನ್ನು ಹೂಡಿ ಹೆದೆ ಎಳೆಯಲು ಹೋದ, ಆಗಲಿಲ್ಲ. ಮೂಸಿನ ತೊಡೆಯನ್ನು ಒಂದೇ ಕೈಯಲ್ಲಿ ಕೊಕ್ಕೆಗೆ ಹಾಕುತ್ತಿದ್ದ ತೋಳು ಅದು. ಇನ್ನೊಮ್ಮೆ ಎಳೆದ. ಅರ್ಧಕ್ಕೆ ಬಂದು ಕೈ ಸೋತಿತು.

ಬಿಲ್ಲನ್ನು ಕೆಳಗಿಟ್ಟು ಸೊಂಟದ ಕತ್ತಿ ತೆಗೆದ. ಕರಡಿ ಹಲ್ಲು ಕಟಕಟ ಕಡಿದು ಉಸಿರು ಊದಿತು. ನಾನು ಹಿಂದಿನಿಂದ ಅವನ ಬೆಲ್ಟು ಹಿಡಿದೆ.

"ಬಿಡಿ ಭಾವ."

"ಬಿಡಲ್ಲ. ನನ್ನ ತಂಗೀಗೆ ನಾನೇನು ಹೇಳ್ಲಿ?"

ಅವನು ತಿರುಗಿ ನೋಡಿದ. ಅವನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. "ಹಾಗಾದ್ರೆ ಬಂದೂಕು ತನ್ನಿ," ಅಂದ. "ಓಡಿ ಭಾವ. ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಇಲ್ಲೇ ಇರ್ತೀನಿ, ಇದು ಒಂಟಿಯಾಗಬಾರದು."

ಹೊರಡುವಾಗ ಗಡಿಯಾರ ನೋಡಿದೆ, ಮೂರು ಗಂಟೆ. ಟ್ರಕ್ಕಿಗೆ ಮೂವತ್ತೈದು ನಿಮಿಷದಲ್ಲಿ ಹೋದೆ. ಅರವತ್ತಮೂರರ ಮಂಡಿಗೆ ಅದೇನು ಕಡಿಮೆಯಲ್ಲ, ಎರಡು ಸಲ ಬಿದ್ದೆ. ಸೀಟಿನ ಹಿಂದಿನಿಂದ ಬಂದೂಕು ತೆಗೆದು, ಗುಂಡು ತುಂಬಿ, ವಾಪಸು ಹೊರಟೆ.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಬರುವಾಗ ನಾನು ಓಡಲಿಲ್ಲ. ಮೊದಲು ಮಂಡಿ ನೋವು ಅಂದುಕೊಂಡೆ. ಆಮೇಲೆ ಬಿಗಿಯಾಗೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಕಟ್ಟಿದೆ. ಜೌಗಿನ ಅಂಚಿನಲ್ಲಿ ನಿಂತು ನೀರು ಕುಡಿದೆ. ಹತ್ತು ಹೆಜ್ಜೆಯಿಂದ ಆ ಮುಖ ನೋಡಿಕೊಂಡು ಗುಂಡು ಹಾರಿಸುವುದು ನನ್ನಿಂದ ಆಗದು ಎನ್ನಿಸಿತ್ತು. ನಾನು ಹೋಗುವಷ್ಟರಲ್ಲಿ ಅದು ಸತ್ತಿರಲಿ ದೇವರೇ ಎಂದು ಬೇಡಿಕೊಂಡೆ, ಬೇಡಿಕೊಂಡು ದೇವರಿಗೆ ಸಮಯವನ್ನೂ ಕೊಟ್ಟೆ. ಮೂವತ್ತೈದು ನಿಮಿಷದ ದಾರಿಗೆ ಒಂದು ಗಂಟೆ ಐದು ನಿಮಿಷ ಹಿಡಿಯಿತು.

ನಾನು ತಲುಪಿದಾಗ ರೊಸೇರ್ ಟೋಪಿ ತೆಗೆದು ಕೆಸರಲ್ಲಿ ಕೂತಿದ್ದ.

"ಈಗಷ್ಟೇ," ಅಂದ. "ಐದು ನಿಮಿಷ ಆಗಿಲ್ಲ. ಒಂಬತ್ತೂವರೆ ಗಂಟೆ ಬದುಕಿತ್ತು ಭಾವ."

ಎಳೆದು ತರುವಷ್ಟರಲ್ಲಿ ಇಬ್ಬರ ಬೆನ್ನೂ ಮುರಿದಿತ್ತು. ಕರಡಿಯನ್ನು ಸರ್ಕಾರದ ಲೆಕ್ಕಕ್ಕೆ ನೋಂದಾಯಿಸಿ, ಶೆಡ್ಡಿಗೆ ತಂದು, ಬಾಗಿಲು ಹಾಕಿಕೊಂಡು ಅವನೊಬ್ಬನೇ ಕೊಯ್ದ. ಕೆಟ್ಟದ್ದನ್ನು ತೆಗೆದು ಹೂತ. ಉಳಿದದ್ದನ್ನು ಬಿಳಿ ಕಾಗದದಲ್ಲಿ ಸುತ್ತಿ, ಮರುದಿನ ಬೆಳಗ್ಗೆ ಊರಿನೊಳಗೆ ಹೊರಟ. ಮೊದಲ ಕರಡಿಯ ಮಾಂಸ ಹಂಚುವುದು ನಮ್ಮಲ್ಲಿ ಪದ್ಧತಿಯೇ. ಅವನು ಮಾತ್ರ ತಾನು ಬೈದಿದ್ದವರ ಮನೆಗಳನ್ನೇ ಹುಡುಕಿಕೊಂಡು ಹೋದ. ಪೊಟ್ಟಣ ಕೊಟ್ಟು, ಯಾರೂ ಕೇಳುವ ಮೊದಲೇ, "ಹೊಟ್ಟೆಗೆ ಹೊಡೆದೆ, ಒಂಬತ್ತೂವರೆ ಗಂಟೆ ಬದುಕಿತ್ತು," ಎಂದು ಹೇಳಿ ನಿಲ್ಲುತ್ತಿದ್ದ.

ಬೈಸಿಕೊಳ್ಳಲು ನಿಲ್ಲುತ್ತಿದ್ದ. ಒಬ್ಬರೂ ಬೈಯಲಿಲ್ಲ. ಸೇಡು ತೀರಿಸಿಕೊಳ್ಳಲು ಎರಡು ವರ್ಷ ಕಾದಿದ್ದ ಅನ್ಸೆಲ್ಮ್ ಕೂಡ, ಪೊಟ್ಟಣ ಕೈಯಲ್ಲಿ ಹಿಡಿದು, ಎಲ್ಲಿ ನೋಡಬೇಕೆಂದು ತಿಳಿಯದೆ, "ಒಳಗೆ ಬಾ, ಕಾಫಿ ಇದೆ," ಅಂದನಂತೆ. ರೊಸೇರ್ ಒಳಗೆ ಹೋಗಲಿಲ್ಲ.

ಕೊನೆಗೆ ನನ್ನ ಬಾಗಿಲಿಗೆ ಬಂದ. ಒಂದೇ ರಾತ್ರಿಗೆ ಮುದುಕನಾಗಿದ್ದ. ಪೊಟ್ಟಣ ಮೇಜಿನ ಮೇಲಿಟ್ಟು ನಿಂತೇ ಇದ್ದ.

"ಹೋಗ್ಲಿ ಬಿಡು ರೊಸೇರ್. ಯಾರಿಗಾದ್ರೂ ಆಗತ್ತೆ," ಅಂದೆ.

"ಓಡಿದ್ರಾ ಭಾವ?" ಎಂದು ಕೇಳಿದ.

"ಓಡ್ದೆ," ಅಂದೆ.

"ಗೊತ್ತು. ಆ ಮಂಡಿ ಇಟ್ಕೊಂಡು, ಆ ಕೆಸರಲ್ಲಿ." ನನ್ನ ಭುಜದ ಮೇಲೆ ಕೈ ಇಟ್ಟ. "ಆವತ್ತು ಅದಕ್ಕೆ ಅಂತ ಕೈಲಾದಷ್ಟು ಮಾಡಿದ್ದು ನೀವೊಬ್ರೇ."

ನಲವತ್ತೊಂದು ವರ್ಷ ಊರಿನ ಸುಳ್ಳನ್ನೆಲ್ಲ ಬೆರಳ ತುದಿಯಲ್ಲಿ ಹಿಡಿದವನಿಗೆ ನನ್ನದು ಸಿಗಲಿಲ್ಲ. ಅವನು ಈ ವರ್ಷ ಶೆಡ್ಡು ತೆರೆಯಲಿಲ್ಲ. ಕರಡಿ ಹೊಡೆದವರು ಈಗ ಪಕ್ಕದ ಊರಿಗೆ ಹೋಗುತ್ತಾರೆ, ಅಲ್ಲಿ ಕೊಯ್ಯುವವನು ಏನೂ ಕೇಳುವುದಿಲ್ಲವಂತೆ. ಭಾನುವಾರ ಚರ್ಚು ಮುಗಿದ ಮೇಲೆ ಯಾರಾದರೂ ಆ ದಿನದ ಮಾತೆತ್ತಿದರೆ ರೊಸೇರ್ ತನ್ನ ವಿಷಯ ಎರಡು ಮಾತಲ್ಲಿ ಮುಗಿಸಿ, ನನ್ನನ್ನು ತೋರಿಸಿ, "ನಮ್ಮ ಭಾವ ಓಡಿ ಬಂದ್ರು," ಅನ್ನುತ್ತಾನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಇವತ್ತಿನವರೆಗೆ ತಿದ್ದಿಲ್ಲ.